ನ್ಯೂಬಿಯಾದ ಕ್ರೈಸ್ತ ರಾಜ್ಯಗಳು: ಜನ ಪದೇ ಪದೇ ಕೇಳೋ ಪ್ರಶ್ನೆಗಳು

ಈ ವಿಷಯ ಎತ್ತಿದಾಗಲೆಲ್ಲ ಹೆಚ್ಚುಕಮ್ಮಿ ಅದೇ ಪ್ರಶ್ನೆಗಳು ಬರ್ತವೆ. ಮಾತಲ್ಲಿ ಕೇಳಿದ್ದು, ಕಾಗದದಲ್ಲಿ ಬರೆದು ಕಳ್ಸಿದ್ದು, ಕಾಮೆಂಟಲ್ಲಿ ಜಗಳ ಆಡ್ಕೊಂಡು ಕೇಳಿದ್ದು ಎಲ್ಲ ಸೇರಿಸಿ ಒಂದೇ ಕಡೆ ಹಾಕಿದೀನಿ. ಪ್ರಶ್ನೆಗಳನ್ನ ಕೇಳಿದವರ ಮಾತಲ್ಲೇ ಬಿಟ್ಟಿದೀನಿ, ತಿದ್ದಿಲ್ಲ. ಮೊದಮೊದಲು ಸುಲಭದ್ದು, ಹೋಗ್ತಾ ಹೋಗ್ತಾ ಸ್ವಲ್ಪ ಕಷ್ಟದ್ದು.

## ಶುರುವಿನವು

ನ್ಯೂಬಿಯಾ ಅಂದ್ರೆ ಎಲ್ಲಿ ಬರತ್ತೆ ಸಾರ್? ಮಕೂರಿಯಾ ಅನ್ನೋ ಹೆಸರೇ ಕೇಳಿಲ್ಲ

ಈಜಿಪ್ಟಿನ ಮ್ಯಾಪ್ ತೆಗೀರಿ, ನೈಲ್ ನದಿ ಹಿಡ್ಕೊಂಡು ಕೆಳಗೆ ಅಂದ್ರೆ ದಕ್ಷಿಣಕ್ಕೆ ಬನ್ನಿ, ಅಸ್ವಾನ್ ಊರು ದಾಟಿದ್ರೆ ಅಲ್ಲಿಂದ ಶುರು. ಅಲ್ಲಿಂದ ಇವತ್ತಿನ ಸುಡಾನ್ ರಾಜಧಾನಿ ಖಾರ್ಟೂಮಿನ ಆಚೆವರೆಗೂ ನದಿ ಉದ್ದಕ್ಕೂ ಮೂರು ರಾಜ್ಯಗಳಿದ್ವು. ಉತ್ತರದಲ್ಲಿ ನೊಬಾಡಿಯಾ, ಅದರ ರಾಜಧಾನಿ ಫರಾಸ್. ನಡುವೆ ಮಕೂರಿಯಾ, ರಾಜಧಾನಿ ಡೊಂಗೊಲಾ. ದಕ್ಷಿಣದಲ್ಲಿ ಅಲೋಡಿಯಾ, ಅರಬರ ಬಾಯಲ್ಲಿ ಅಲ್ವಾ, ರಾಜಧಾನಿ ಸೋಬಾ. 7ನೇ ಶತಮಾನದಲ್ಲೋ ಅದರ ಆಸುಪಾಸಲ್ಲೋ ನೊಬಾಡಿಯಾ ಮಕೂರಿಯಾದ ಒಳಗೆ ಸೇರ್ಕೊಂಡ್ತು, ಹಂಗಾಗಿ ಇಲ್ಲಿ ಮುಕ್ಕಾಲು ಪಾಲು ಮಾತು ಮಕೂರಿಯಾದ್ದೇ. ಊರು ಅಂದ್ರೆ ನದಿ ದಂಡೆ ಅಷ್ಟೇ, ಎರಡೂ ಕಡೆ ಸ್ವಲ್ಪ ಹಸಿರು, ಅದರಾಚೆ ಬರೀ ಮರಳು. ರಾಜ್ಯ ಅಂದ್ರೆ ಅಗಲವಾದ ಬಯಲು ಕಣ್ಮುಂದೆ ಬರತ್ತಲ್ಲ ನಮಗೆ, ಇದು ಹಂಗಲ್ಲ, ಹಗ್ಗದ ಥರ ಉದ್ದಕ್ಕೆ ಮಲಗಿದ್ದ ರಾಜ್ಯ.

ಅದು ಇಥಿಯೋಪಿಯಾನೇ ಅಲ್ವಾ? ಯಾಕ್ ಸುಮ್ನೆ ಬೇರೆ ಹೆಸರು

ಅಲ್ಲ. ಇಥಿಯೋಪಿಯಾದಲ್ಲಿ ಅಕ್ಸುಮ್ ಅಂತ ಬೇರೆ ರಾಜ್ಯ ಇತ್ತು, ಅಲ್ಲಿ ಎಜಾನಾ ಅನ್ನೋ ರಾಜ 4ನೇ ಶತಮಾನದಲ್ಲೇ ಕ್ರೈಸ್ತ ಆಗಿದ್ದ, ನ್ಯೂಬಿಯಾಗಿಂತ 200 ವರ್ಷ ಮುಂಚೆ. ಭಾಷೆ ಬೇರೆ, ಲಿಪಿ ಬೇರೆ, ರಾಜವಂಶ ಬೇರೆ. ದೊಡ್ಡ ವ್ಯತ್ಯಾಸ ಅಂದ್ರೆ ಇಥಿಯೋಪಿಯಾದ ಚರ್ಚ್ ಇವತ್ತಿಗೂ ಜೀವಂತ ಇದೆ, ನ್ಯೂಬಿಯಾದ್ದು ಪೂರ್ತಿ ಹೋಗ್ಬಿಡ್ತು. ಗೊಂದಲ ಯಾಕೆ ಅಂದ್ರೆ ಹಳೇ ಗ್ರೀಕರು ಈಜಿಪ್ಟಿನ ಕೆಳಗಿನ ಕಪ್ಪು ಜನ ಎಲ್ಲರಿಗೂ ‘ಇಥಿಯೋಪಿಯನ್ನರು’ ಅಂತಲೇ ಬರೆದಿಟ್ರು.

ಪಿರಮಿಡ್ ಕಟ್ಟಿದ ಕಪ್ಪು ಫೇರೋಗಳು ಅಂತಾರಲ್ಲ, ಇವರೇನಾ ಅವರು?

ಅದೇ ಜಾಗ, ಕಾಲ ಬೇರೆ. ಫೇರೋಗಳಾಗಿ ಈಜಿಪ್ಟನ್ನೇ ಆಳಿದವರು ಕುಶ್ ರಾಜ್ಯದವರು, ಕ್ರಿಸ್ತಪೂರ್ವದ ಕತೆ. ಕುಶ್‌ನ ಕೊನೇ ರಾಜಧಾನಿ ಮೆರೋಯೆ 4ನೇ ಶತಮಾನದಲ್ಲಿ ಕುಸಿದುಬಿತ್ತು, ಅದರ ಅವಶೇಷದ ಮೇಲೆ ಈ ಮೂರು ರಾಜ್ಯ ಎದ್ವು. ಸಂಬಂಧ ಪೂರ್ತಿ ಕಡಿದೂ ಹೋಗಿಲ್ಲ, ಮುಂದೆ ಲಿಪಿ ಬಗ್ಗೆ ಬರ್ದಿದೀನಲ್ಲ ಅಲ್ಲಿ ಗೊತ್ತಾಗತ್ತೆ.

ಮತಾಂತರ ಮಾಡಿದ್ದು ಯುರೋಪಿನ ಮಿಷನರಿಗಳಾ?

ಇದನ್ನ ಕೇಳೋರ ತಲೇಲಿ ಬ್ರಿಟಿಷರ ಕಾಲದ ಪಾದ್ರಿ ಇರ್ತಾರೆ ಅನ್ಸತ್ತೆ. ಇದು 6ನೇ ಶತಮಾನದ ಮಾತು, ಆಗ ಇಂಗ್ಲೆಂಡಿನ ಬಹುಪಾಲು ಜನಾನೇ ಇನ್ನೂ ಕ್ರೈಸ್ತರಾಗಿರಲಿಲ್ಲ. ಇವರಿಗೆ ಧರ್ಮ ಬಂದಿದ್ದು ಬೈಜಾಂಟಿಯನ್ ಸಾಮ್ರಾಜ್ಯದ ರಾಜಧಾನಿ (ಇವತ್ತಿನ ಇಸ್ತಾಂಬುಲ್) ಕಾನ್‌ಸ್ಟಾಂಟಿನೋಪಲ್ಲಿಂದ, ಈಜಿಪ್ಟ್ ದಾರೀಲಿ, ಅದೂ ಗಂಡ ಹೆಂಡ್ತಿ ಪೈಪೋಟೀಲಿ.

ಕತೆ ಹೇಳಿದವನು ಎಫೆಸಸ್‌ನ ಯೋಹಾನ, ಅದೇ ಕಾಲದವನು, ಆದ್ರೆ ರಾಣಿ ಕಡೆಯೋನು, ಹಂಗಾಗಿ ಸ್ವಲ್ಪ ಉಪ್ಪು ಖಾರ ಹಾಕಿರ್ತಾನೆ ಅಂತ ಇಟ್ಕೊಂಡೇ ಓದಬೇಕು. ಆಗ ಕ್ರೈಸ್ತರಲ್ಲಿ ಕ್ರಿಸ್ತನ ಸ್ವಭಾವ (ದೈವ, ಮಾನವ) ಒಂದೋ ಎರಡೋ ಅಂತ ದೊಡ್ಡ ಜಗಳ, ಚಕ್ರವರ್ತಿ ಜಸ್ಟಿನಿಯನ್ ಎರಡು ಅನ್ನೋ ಪಕ್ಷ, ಹೆಂಡ್ತಿ ಥಿಯೊಡೋರಾ ಒಂದು ಅನ್ನೋ ಪಕ್ಷ. ಜೂಲಿಯನ್ ಅನ್ನೋ ಪಾದ್ರಿ ನೊಬಾಡಿಯಾಗೆ ಹೋಗ್ತೀನಿ ಅಂದಾಗ ರಾಣಿ ಒಪ್ಪಿದ್ಲು, ರಾಜನಿಗೆ ಗೊತ್ತಾಗಿ ತನ್ನ ಕಡೆಯವರನ್ನ ಚಿನ್ನ, ಬಟ್ಟೆ ಕೊಟ್ಟು ಬೇರೆ ಕಳ್ಸಿದ. ರಾಣಿ ಏನ್ ಮಾಡಿದ್ಲು ಅಂದ್ರೆ ಮೇಲಿನ ಈಜಿಪ್ಟಿನ, ಅಂದ್ರೆ ದಕ್ಷಿಣ ಭಾಗದ, ಅಧಿಕಾರಿಗೆ ಕಾಗದ ಬರೆದ್ಲು: ರಾಜನ ದೂತರನ್ನ ಹೆಂಗಾದ್ರೂ ತಡೆದು ನಿಲ್ಸು, ನನ್ನ ಕಡೆಯವನು ಮೊದಲು ಹೋಗಬೇಕು, ಇಲ್ಲಾಂದ್ರೆ ತಲೆ ತೆಗೆಸ್ತೀನಿ. ಜೂಲಿಯನ್ ಸುಮಾರು 543ಕ್ಕೆ ಅಲ್ಲಿ ತಲುಪಿದ. ಸೆಖೆ ತಡೀಲಾರದೆ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ನೀರು ತುಂಬಿದ ಗುಹೇಲಿ ಒಂದು ತುಂಡು ಬಟ್ಟೆ ಸುತ್ಕೊಂಡು ಕೂತು ಪಾಠ ಮಾಡ್ತಿದ್ನಂತೆ, ಎರಡು ವರ್ಷ ಹೀಗೇ. ಹೊರಗಿಂದ ಬಂದೋರಿಗೆ ಅಲ್ಲಿನ ಬಿಸಿಲು ಏನು ಮಾಡ್ತಿತ್ತು ಅಂತ ಇದಕ್ಕಿಂತ ಚೆನ್ನಾಗಿ ಯಾರೂ ಬರೆದಿಲ್ಲ.

ಆಮೇಲೆ 569ರಲ್ಲಿ ಲಾಂಜಿನಸ್ ಅನ್ನೋ ಬಿಷಪ್ ಬಂದ. 580ರಲ್ಲಿ ಅಲೋಡಿಯಾಗೆ ಹೋಗಕ್ಕೆ ಹೊರಟಾಗ ನಡುವಿನ ಮಕೂರಿಯಾದವರು ದಾರಿ ಬಿಡಲಿಲ್ಲ, ಪಾಪ ಮರುಭೂಮೀಲಿ ಸುತ್ತು ಹಾಕ್ಕೊಂಡು ಹೋದ. ಮಕೂರಿಯಾ ಅಷ್ಟರಲ್ಲಿ ತಾನೇ ಕ್ರೈಸ್ತ ಆಗಿತ್ತು. 573ರ ಸುಮಾರಿಗೆ ಅದರ ದೂತರು ಆನೆದಂತ, ಒಂದು ಜಿರಾಫೆ ತಗೊಂಡು ಕಾನ್‌ಸ್ಟಾಂಟಿನೋಪಲ್ ಬಾಗಿಲಿಗೆ ಬಂದಿದ್ರು. ಕೊನೆಗೆ ಇಡೀ ನ್ಯೂಬಿಯಾ ಸ್ವಭಾವ ಒಂದೇ ಅನ್ನೋ ಈಜಿಪ್ಟಿನ ಕಾಪ್ಟಿಕ್ ಚರ್ಚಿನ ಜೊತೆ ನಿಂತ್ಕೊಂಡ್ತು, ಅಂದ್ರೆ ಗೆದ್ದಿದ್ದು ರಾಣಿ ಪಕ್ಷ.

ಒಟ್ಟು ಎಷ್ಟು ವರ್ಷ ಇತ್ತು? ನಮ್ಮ ಕಾಲದ ಲೆಕ್ಕದಲ್ಲಿ ಹೇಳಿ

ಸುಮಾರು 900 ವರ್ಷ. ಜೂಲಿಯನ್ ಹೋದ 543, ಒಂದನೇ ಪುಲಕೇಶಿ ಬಾದಾಮಿ ಬೆಟ್ಟಕ್ಕೆ ಕೋಟೆ ಕಟ್ಟಿಸಿದೆ ಅಂತ ಬಂಡೆ ಮೇಲೆ ಬರೆಸಿದ ವರ್ಷಾನೇ. ಕೊನೇ ಗೊತ್ತಿರೋ ರಾಜ ಜೋಯಲ್, ಅವನ ಹೆಸರಿರೋ ಪತ್ರ 1484ರದ್ದು, ಇಲ್ಲಿ ವಿಜಯನಗರದ ಸಿಂಹಾಸನ ಸಾಳುವ ನರಸಿಂಹನ ಕೈಗೆ ಬರೋ ಹೊತ್ತು. ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣದವರು, ಹೊಯ್ಸಳರು ಎಲ್ಲ ಬಂದು ಹೋದ್ರು, ಅಲ್ಲಿ ಅದೇ ನದಿ ದಂಡೇಲಿ ಅದೇ ರಾಜ್ಯ ಕೂತಿತ್ತು.

## ಬದುಕು, ಭಾಷೆ, ಬಣ್ಣ

ಮರುಭೂಮೀಲಿ ಏನ್ ತಿಂತಿದ್ರು?

ಜೋಳ. ಹೌದು, ನಮ್ಮ ಜೋಳಾನೇ, ಉತ್ತರ ಕರ್ನಾಟಕದವರು ರೊಟ್ಟಿ ತಟ್ಟೋದು. ಇದು ನಮಗೂ ಅವರಿಗೂ ಇರೋ ನಿಜವಾದ ನಂಟು, ಯಾಕಂದ್ರೆ ಕಾಡು ಜೋಳಾನ ಹೊಲಕ್ಕೆ ತಂದು ಪಳಗಿಸಿದ್ದು ಪೂರ್ವ ಸುಡಾನಿನ ಜನ, ಸುಮಾರು 5000 ವರ್ಷದ ಹಿಂದೆ, ಆಮೇಲೆ ಅದು ಸಮುದ್ರ ದಾಟಿ ನಮ್ಮ ಕಡೆ ಬಂತು. ರಾಗಿನೂ ಆಫ್ರಿಕಾದ್ದೇ, ಆದ್ರೆ ಅದು ಇಥಿಯೋಪಿಯಾ, ಉಗಾಂಡಾದ ಎತ್ತರದ ನಾಡಿಂದು. ಸುಡಾನಿನಲ್ಲಿ ಇವತ್ತಿಗೂ ಜೋಳದ ಹಿಟ್ಟು ಕಲಸಿ ಹುಳಿ ಬರಿಸಿ ಕಾದ ಹಂಚಿನ ಮೇಲೆ ಪೇಪರ್ ಥರ ತೆಳ್ಳಗೆ ಹುಯ್ದು ಎಬ್ಬಿಸ್ತಾರೆ, ಕಿಸ್ರಾ ಅಂತ ಹೆಸರು, ನೋಡಿದ್ರೆ ನೀರ್‌ದೋಸೆ ಅಂತೀರ ತಿಂದ್ರೆ ಹುಳಿ. ಅಂಥ ಹಂಚಿನ ಮಣ್ಣಿನ ಚೂರುಗಳು ಹಳೇ ಊರುಗಳ ಅಗೆತದಲ್ಲಿ ಸಿಕ್ಕಿವೆ.

ಇದರ ಜೊತೆ ಗೋಧಿ, ಬಾರ್ಲಿ, ಖರ್ಜೂರ. ದ್ರಾಕ್ಷಿ ವೈನ್ ಕುಡೀತಿದ್ರು, ಹಂದಿ ಸಾಕ್ತಿದ್ರು. ಹೊಲಕ್ಕೆ ನೀರು ಸಾಕಿಯಾದಿಂದ, ಅಂದ್ರೆ ಎತ್ತು ಕಟ್ಟಿ ತಿರುಗಿಸೋ ಮರದ ಚಕ್ರ, ಅದಕ್ಕೆ ಸಾಲಾಗಿ ಮಣ್ಣಿನ ಕುಡಿಕೆ ಕಟ್ಟಿರೋದು. ಒಡೆದ ಸಾಕಿಯಾ ಕುಡಿಕೆಗಳು ಅಲ್ಲಿ ಎಲ್ಲಿ ಅಗೆದ್ರೂ ಸಿಗ್ತವೆ.

ರಾಜನ ಮಗ ರಾಜ ಆಗ್ತಿರ್ಲಿಲ್ವಂತೆ, ನಿಜಾನಾ?

ನಿಜ, ಯಾವಾಗಲೂ ಅಲ್ಲದಿದ್ರೂ ಬಹಳ ಸಲ. ಅಕ್ಕತಂಗೀರ ಮಗನಿಗೆ ಪಟ್ಟ ಹೋಗ್ತಿತ್ತು. ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ಅಳಿಯಸಂತಾನ ಅಂದ್ರೆ ಮುಗೀತು. ಕ್ರೈಸ್ತರಾಗಿ, ಬೈಬಲ್ ಓದಿ, ದಾವಿದ ಸೊಲೊಮೋನ ಅಂತ ಹೆಸರಿಟ್ಕೊಂಡ್ರೂ ಈ ಪದ್ಧತಿ ಮಾತ್ರ ಬಿಡಲಿಲ್ಲ. ಸೊಲೊಮೋನ ಅನ್ನೋ ರಾಜ 1080ರಲ್ಲಿ ಪಟ್ಟ ಬಿಟ್ಟು ಸನ್ಯಾಸಿ ಥರ ಆಗಿ ಹೋದಾಗ ಸಿಂಹಾಸನ ಹೋಗಿದ್ದು ಅಳಿಯ ಗಿಯೋರ್ಗಿಯೋಸ್‌ಗೆ.

ಇದರಿಂದ ರಾಜನ ಹೆಂಡ್ತಿಗಿಂತ ರಾಜನ ತಾಯಿಗೆ ತೂಕ ಜಾಸ್ತಿ. ಫರಾಸ್ ಚರ್ಚಿನ ಗೋಡೇಲಿ ಮಾರ್ಥಾ ಅನ್ನೋ ರಾಜಮಾತೆಯ ಚಿತ್ರ ಇದೆ, ಹಿಂದೆ ಮೇರಿ ಮಾತೆ ನಿಂತು ಕಾಪಾಡ್ತಿರೋ ಥರ. ಸಾಮಾನ್ಯ ಹೆಂಗಸರೂ ಜಮೀನು ಇಟ್ಕೊಂಡಿದ್ರು, ತಾವೇ ಮಾರ್ತಿದ್ರು, ಕ್ರಯಪತ್ರಗಳೇ ಸಾಕ್ಷಿ. ಈ ಅಳಿಯನ ವಿಷಯ ನೆನಪಲ್ಲಿಟ್ಕೊಳ್ಳಿ, ರಾಜ್ಯ ಕೈ ತಪ್ಪಿದ್ದರಲ್ಲೂ ಇದರ ಪಾತ್ರ ಇದೆ.

ಯಾವ ಭಾಷೆ ಮಾತಾಡ್ತಿದ್ರು? ಲಿಪಿ ಇತ್ತಾ ಇಲ್ಲಾ ಬರೀ ಬಾಯಿಮಾತಾ?

ಲಿಪಿ ಇತ್ತು ಸ್ವಾಮಿ, ಚೆನ್ನಾಗೇ ಇತ್ತು. ಹಳೇ ನ್ಯೂಬಿಯನ್ ಅಂತಾರೆ ಆ ಭಾಷೇನ. 8ನೇ ಶತಮಾನದ ಕೊನೇಯಿಂದ 15ನೇ ಶತಮಾನದವರೆಗೆ ಬರಹ ಸಿಕ್ಕಿದೆ, ತಾರೀಕು ಇರೋದ್ರಲ್ಲಿ ಹಳೇದು 795ರದ್ದು, ಗೋಡೆ ಮೇಲೆ ಗೀಚಿದ್ದು. ಅಕ್ಷರ ಗ್ರೀಕ್ ಮೂಲದ ಕಾಪ್ಟಿಕ್‌ನಿಂದ ತಗೊಂಡಿದ್ದು, ಆದ್ರೆ ತಮ್ಮ ಬಾಯಲ್ಲಿದ್ದ ಕೆಲವು ಧ್ವನಿಗೆ ಗ್ರೀಕಲ್ಲಿ ಅಕ್ಷರ ಇರಲಿಲ್ಲ, ನಮ್ಮ ಙ ಞ ಥರದವು, ಅದಕ್ಕೆ ಕುಶ್ ಕಾಲದ ಮೆರೋಯಿಟಿಕ್ ಲಿಪಿಯಿಂದ ಅಕ್ಷರ ಎತ್ಕೊಂಡ್ರು. ಮೇಲೆ ಸಂಬಂಧ ಕಡಿದಿಲ್ಲ ಅಂದೆನಲ್ಲ, ಇದೇ ಅದು. ನಾವು ಶಾಲೇಲಿ ಙ ಞ ಯಾಕೆ ಕಲೀಬೇಕು ಅಂತ ಗೊಣಗ್ತೀವಿ, ಅವರು ಹುಡುಕಿ ಹೋಗಿ ತಂದ್ಕೊಂಡ್ರು.

ಒಂದೇ ಭಾಷೆ ಅಲ್ಲ ಮತ್ತೆ. ಪೂಜೆಗೆ, ಸಮಾಧಿ ಕಲ್ಲಿಗೆ ಗ್ರೀಕ್, ಮಠದವರಿಗೆ ಕಾಪ್ಟಿಕ್, ವ್ಯಾಪಾರಕ್ಕೆ ಮತ್ತು ಈಜಿಪ್ಟ್ ಜೊತೆ ಕಾಗದ ಪತ್ರಕ್ಕೆ ಅರೇಬಿಕ್, ಮನೆ ಹೊಲದ ವ್ಯವಹಾರಕ್ಕೆ ನ್ಯೂಬಿಯನ್. ಕಸ್ರ್ ಇಬ್ರೀಮ್ ಅನ್ನೋ ಗುಡ್ಡದ ಕೋಟೇಲಿ ಈ ನಾಲ್ಕರಲ್ಲೂ ರಾಶಿ ರಾಶಿ ದಾಖಲೆ ಸಿಕ್ಕವು, ಮಳೆ ಇಲ್ಲದ ಊರಾದ್ರಿಂದ ಕಾಗದ, ಚರ್ಮ ಕೊಳೀಲಿಲ್ಲ. ಜಮೀನಿನ ಕ್ರಯಪತ್ರ ಓದಿದ್ರೆ ಮಜಾ ಬರತ್ತೆ, ಮಾರಿದವರು, ಕೊಂಡವರು, ಸಾಕ್ಷಿಗಳ ಉದ್ದ ಪಟ್ಟಿ, ಕೊನೇಲಿ ಇದಕ್ಕೆ ತಕರಾರು ತೆಗೆದವನು ದೇವರಿಗೆ ದೂರ ಆಗ್ಲಿ ಅಂತ ಶಾಪ. ನಮ್ಮ ಶಾಸನದಲ್ಲಿ ಇದನ್ನ ಅಳಿದವನು ವಾರಣಾಸೀಲಿ ಕವಿಲೆ ಕೊಂದ ಪಾಪಕ್ಕೆ ಹೋಗ್ತಾನೆ ಅಂತ ಬರೆಸ್ತಿದ್ರಲ್ಲ, ಅದೇ ಬುದ್ಧಿ. ಕೋರ್ಟು ದೂರ ಇದ್ದಾಗ ಜಮೀನು ಕಾಯಕ್ಕೆ ಶಾಪಾನೇ ಗತಿ.

ಬಾಯಿ ಮೇಲೆ ಬೆರಳು ಇಟ್ಕೊಂಡಿರೋ ಹೆಂಗಸಿನ ಚಿತ್ರ ಎಲ್ಲಾ ಕಡೆ ಕಾಣತ್ತೆ, ಯಾರದು?

ಸಂತ ಆನ್, ಮೇರಿ ಮಾತೆಯ ತಾಯಿ, ಅಂದ್ರೆ ಏಸುವಿನ ಅಜ್ಜಿ. ಫರಾಸ್ ಚರ್ಚಿನ ಚಿತ್ರ, 8ರಿಂದ 9ನೇ ಶತಮಾನದ್ದು. ಮುಖದ ಸುತ್ತ ನೇರಳೆ ಬಟ್ಟೆ, ದೊಡ್ಡ ಕಣ್ಣು, ಬಲಗೈ ಬೆರಳು ಗದ್ದದ ಹತ್ರ ತುಟಿ ಮೇಲೆ. ಮೌನವಾಗಿ ಪ್ರಾರ್ಥನೆ ಮಾಡ್ತಿರೋ ಭಂಗಿ ಅಂತ ಬಹಳ ಜನ ವಿದ್ವಾಂಸರು ಅರ್ಥ ಮಾಡ್ತಾರೆ. ನನಗಂತೂ ಮೊಮ್ಮಗ ಮಲಗಿದಾನೆ ಗಲಾಟೆ ಮಾಡಬೇಡಿ ಅಂತ ಹೇಳ್ತಿರೋ ಅಜ್ಜಿ ಥರಾನೇ ಕಾಣೋದು.

ಚಿತ್ರದಲ್ಲಿ ಏಸು, ಸಂತರು ಬೆಳ್ಳಗೆ, ಬಿಷಪ್ಪು ರಾಜರು ಕಪ್ಪಗೆ. ಇದು ಕೀಳರಿಮೆ ಅಲ್ವಾ?

ನಂಗೆ ಹಂಗನ್ಸಲ್ಲ. ಬಿಷಪ್ ಪೆಟ್ರೋಸ್ ಚಿತ್ರ ನೋಡಿ, 10ನೇ ಶತಮಾನದ ಕೊನೇದು, ಇಲ್ಲಿ ಶ್ರವಣಬೆಳಗೊಳದಲ್ಲಿ ಗೊಮ್ಮಟ ನಿಂತ ಕಾಲ. ಕಡು ಕಂದು ಮೈಬಣ್ಣ, ಒಳ್ಳೇ ಕಸೂತಿ ನಿಲುವಂಗಿ, ನೆಟ್ಟಗೆ ನಮ್ಮನ್ನೇ ನೋಡೋ ಕಣ್ಣು. ಅವನ ಹಿಂದೆ ಸಂತ ಪೇತ್ರ, ಭುಜಕ್ಕೆ ಕೈಕೊಟ್ಟು ನಿಂತಿದಾನೆ. ಕೀಳು ಅಂತ ಅಂದ್ಕೊಂಡವರು ತಮ್ಮನ್ನ ಇಷ್ಟು ಗತ್ತಲ್ಲಿ ಬರೆಸ್ಕೊಳ್ಳಲ್ಲ. ಪವಿತ್ರರನ್ನ ಬೈಜಾಂಟಿಯನ್ ಮಾದರೀಲಿ ಬರೆಯೋದು ರೂಢಿ, ಬದುಕಿರೋ ಮನುಷ್ಯನನ್ನ ಇದ್ದಂಗೆ ಬರೆಯೋದು ರೂಢಿ. ನಾವು ಕೃಷ್ಣನಿಗೆ ನೀಲಿ ಬಳೀತೀವಿ, ಯಾರೂ ನೀಲಿ ಇರಲ್ಲ.

## ಸ್ವಲ್ಪ ಆಳಕ್ಕೆ ಇಳಿದ್ರೆ

ಅರಬರು ಈಜಿಪ್ಟು ಪರ್ಷಿಯಾ ಎಲ್ಲಾ ಗೆದ್ರು, ಈ ಸಣ್ಣ ರಾಜ್ಯ ಹೆಂಗೆ ಉಳೀತು?

ಬಿಲ್ಲು. ಈಜಿಪ್ಟ್ ಕೈಗೆ ಬಂದ ತಕ್ಷಣ 642ರ ಸುಮಾರಿಗೆ ಒಂದ್ಸಲ ನುಗ್ಗಿದ್ರು, ಪೆಟ್ಟು ತಿಂದು ವಾಪಸ್ ಹೋದ್ರು. 652ರಲ್ಲಿ ಈಜಿಪ್ಟಿನ ಗವರ್ನರ್ ಅಬ್ದುಲ್ಲಾ ಇಬ್ನ್ ಸಾದ್ ಅವನೇ ಸೈನ್ಯ ತಗೊಂಡು ಡೊಂಗೊಲಾವರೆಗೆ ಬಂದ, ಕಲ್ಲೆಸೆಯೋ ಯಂತ್ರ ಹಚ್ಚಿ ಊರಿನ ದೊಡ್ಡ ಚರ್ಚ್ ಉರುಳಿಸಿದ. ಆದ್ರೂ ಊರು ಕೈಗೆ ಬರಲಿಲ್ಲ. ನ್ಯೂಬಿಯನ್ ಬಿಲ್ಲುಗಾರರು ಗುರಿ ಇಟ್ಟು ಕಣ್ಣಿಗೇ ಹೊಡೀತಿದ್ರು, ಅರಬರೇ ಅವರಿಗೆ ‘ಕಣ್ಣುಗುಡ್ಡೆಗೆ ಹೊಡೆಯೋರು’ ಅಂತ ಹೆಸರಿಟ್ರು. ಸೋತವರು ಇಟ್ಟ ಹೆಸರಾದ್ರೆ ನಂಬಬಹುದು.

ಇನ್ನೊಂದು ಕಾರಣ ನದಿ. ನೈಲ್ ಇಲ್ಲಿ ಬಂಡೆಗಳ ನಡುವೆ ಹರಿಯೋ ಜಾಗ ಬಹಳ, ದೋಣಿ ಮೇಲೆ ಸೈನ್ಯ ಸಾಗಿಸಕ್ಕಾಗಲ್ಲ, ದಂಡೇಲಿ ನಡೀಬೇಕು, ಮೇವು ನೀರು ಎಲ್ಲ ಹೊತ್ಕೊಂಡು. ಅಷ್ಟು ಕಷ್ಟಪಟ್ಟು ಗೆದ್ರೂ ಸಿಗೋದು ಒಂದು ಪಟ್ಟಿ ಹೊಲ. ರಾಜ ಕಲಿದುರುತ್ ಜೊತೆ ಕೂತು ಒಪ್ಪಂದ ಮಾಡ್ಕೊಂಡ್ರು, ಅದೇ ಬಕ್ತ್. ಪೂರ್ತಿ ಚಾಚೂ ತಪ್ಪದೆ ಅಲ್ಲದಿದ್ರೂ ಸುಮಾರು 600 ವರ್ಷ ಅದು ನಡೀತು, ಇಷ್ಟು ಉದ್ದ ಬಾಳಿದ ಒಪ್ಪಂದ ಚರಿತ್ರೇಲಿ ಬಹಳ ಕಮ್ಮಿ.

ಬಕ್ತ್ ಅಂದ್ರೆ ವರ್ಷಾ ವರ್ಷಾ ಗುಲಾಮರನ್ನ ಕಪ್ಪ ಕೊಡೋದಲ್ವಾ? ಅದನ್ನ ಶಾಂತಿ ಒಪ್ಪಂದ ಅಂತ ಯಾಕ್ ಹೊಗಳ್ತೀರಾ

ಪ್ರಶ್ನೆ ಸರಿಯಾಗಿದೆ, ತಪ್ಪಿಸ್ಕೊಳ್ಳಲ್ಲ. ಹೌದು, ವರ್ಷಕ್ಕೆ 360 ಗುಲಾಮರನ್ನ ಕೊಡಬೇಕು ಅಂತಿತ್ತು. ಬದಲಿಗೆ ಈಜಿಪ್ಟಿನಿಂದ ಗೋಧಿ, ಬಾರ್ಲಿ, ಬೇಳೆ, ಬಟ್ಟೆ, ವೈನ್ ಕೂಡ ಬರ್ತಿತ್ತು. ಬಕ್ತ್ ಅನ್ನೋ ಪದಾನೇ ಲ್ಯಾಟಿನ್ನಿನ ಪಾಕ್ಟುಮ್, ಅಂದ್ರೆ ಒಪ್ಪಂದ, ಅದರಿಂದ ಬಂದಿದ್ದು. ಇದು ಕಪ್ಪಾನಾ ವ್ಯಾಪಾರಾನಾ ಅಂತ ಆಗಿನ ಮುಸ್ಲಿಂ ನ್ಯಾಯಪಂಡಿತರೇ ತಲೆ ಕೆಡಿಸ್ಕೊಂಡಿದ್ರು. ಎರಡು ಕಡೆಯವರಿಗೆ ಲಾಭ ಆಯ್ತು, ಆದ್ರೆ ಆ 360 ಜನಕ್ಕೆ ಏನು ಲಾಭ? ಆ ಜನ ಬರ್ತಿದ್ದಿದ್ದು ದಕ್ಷಿಣದ, ಪಕ್ಕದ ಬಡ ಊರುಗಳಿಂದ ಯುದ್ಧದಲ್ಲಿ ಹಿಡಿದು ತಂದವರು ಅಂತ ಬಹುಪಾಲು ವಿದ್ವಾಂಸರ ಊಹೆ. ಚಂದದ ಚರ್ಚ್ ಚಿತ್ರ ನೋಡೋವಾಗ ಇದನ್ನ ಮರೆತುಬಿಡೋದು ಸುಲಭ, ನಾನೂ ಮರೆತಿದ್ದೆ.

ಇದರ ಬಗ್ಗೆ ಒಂದು ಅಸಲಿ ಕಾಗದಾನೇ ಸಿಕ್ಕಿದೆ. 758ರಲ್ಲಿ ಈಜಿಪ್ಟಿನ ಗವರ್ನರ್ ಮೂಸಾ ಇಬ್ನ್ ಕಾಬ್ ಮಕೂರಿಯಾ ರಾಜನಿಗೆ ಬರೆದಿದ್ದು, ಕಸ್ರ್ ಇಬ್ರೀಮ್‌ನಲ್ಲಿ ಸಿಕ್ತು. ಪೂರ್ತಿ ದೂರು: ನಮ್ಮ ವ್ಯಾಪಾರಿಗಳನ್ನ ಹಿಡಿದಿಟ್ಟಿದೀರ, ಕಳ್ಸೋ ಗುಲಾಮರಲ್ಲಿ ಒಕ್ಕಣ್ಣ, ಕುಂಟ, ಮುದುಕ, ಚಿಕ್ಕ ಹುಡುಗರನ್ನ ತುರುಕ್ತೀರ, ಇದು ಒಪ್ಪಂದಾನಾ ಅಂತ. ಭಾಷೆ ಮಾತ್ರ ಬಹಳ ಮರ್ಯಾದೆ, ವಿಷಯ ಮಾತ್ರ ಕೆಟ್ಟ ಮಾಲು ಕಳ್ಸಿದ ಅಂಗಡಿಯವನಿಗೆ ಬರೆದಂಗಿದೆ. ಅದನ್ನ ಓದಿದಾಗ ಹೊಟ್ಟೇಲಿ ಒಂಥರಾ ಆಗತ್ತೆ.

ಯಾರೋ ರಾಜಕುಮಾರ ಬಾಗ್ದಾದಿಗೆ ಹೋಗಿ ಸಾಲ ಮನ್ನಾ ಮಾಡಿಸ್ಕೊಂಡ್ ಬಂದ ಅಂತ ಕತೆ ಇದ್ಯಲ್ಲ?

ಕತೆ ಅಲ್ಲ, ನಡೆದಿದ್ದು. 830ರ ದಶಕದಲ್ಲಿ ಬಕ್ತ್ ಬಾಕಿ ಬಹಳ ವರ್ಷದ್ದು ಉಳಿದಿತ್ತು, ಖಲೀಫ ಅಲ್ ಮುಅತಸಿಮ್ ಕಡೆಯಿಂದ ಒತ್ತಡ. ರಾಜ ಜಕರಿಯಾಸ್ ಮಗ ಗಿಯೋರ್ಗಿಯೋಸ್‌ನ ಕಳ್ಸಿದ, ಹುಡುಗನಿಗೆ 20ರ ಆಸುಪಾಸು. 836ರ ಹೊತ್ತಿಗೆ ಈಜಿಪ್ಟ್ ಕಡೆಯಿಂದ ಬಾಗ್ದಾದ್, ತಲೆ ಮೇಲೆ ಶಿಲುಬೆ ಇಟ್ಟ ಛತ್ರಿ ಹಿಡಿಸ್ಕೊಂಡು ಖಲೀಫನ ಊರಲ್ಲಿ ಮೆರವಣಿಗೆ. ಅಲ್ಲೇ ಇದ್ದ ಸಿರಿಯಾದ ಕ್ರೈಸ್ತ ಧರ್ಮಗುರು ಕಣ್ಣಾರೆ ನೋಡಿ ಬರೆದಿಟ್ಟ. ವಾಪಸ್ ಬರೋವಾಗ ಖಲೀಫನ ಉಡುಗೊರೆ ಜೊತೆಗೆ ಒಪ್ಪಂದದಲ್ಲೂ ಸಡಿಲ ಮಾಡಿಸ್ಕೊಂಡು ಬಂದ, ವರ್ಷಕ್ಕೊಂದ್ಸಲ ಅನ್ನೋದು ಮೂರು ವರ್ಷಕ್ಕೊಂದ್ಸಲ ಆಯ್ತು. ಆಮೇಲೆ ಅವನೇ ರಾಜನೂ ಆದ, ಅಂದ್ರೆ ಇಲ್ಲಿ ಪಟ್ಟ ಮಗನಿಗೇ ಹೋಯ್ತು. ಯಾವಾಗಲೂ ಅಲ್ಲ ಅಂತ ಮೇಲೆ ಹೇಳಿದ್ದು ಇದಕ್ಕೇ.

ಯುರೋಪಿನವರಿಗೆ ಇಂಥ ರಾಜ್ಯ ಇದೆ ಅಂತ ಗೊತ್ತಿತ್ತಾ?

ಅಲ್ಪಸ್ವಲ್ಪ. ರಾಬರ್ಟ್ ಅನ್ನೋ ಫ್ರೆಂಚ್ ಸೈನಿಕ, ಕ್ಲಾರಿ ಊರಿನವನು, ಕ್ರುಸೇಡಿಗೆ ಅಂತ ಹೊರಟು 1203ರಲ್ಲಿ ಕಾನ್‌ಸ್ಟಾಂಟಿನೋಪಲ್ ಅರಮನೇಲಿ ಒಬ್ಬ ಕಪ್ಪು ರಾಜನ್ನ ನೋಡ್ತಾನೆ, ಹಣೆ ಮೇಲೆ ಕಾಸಿ ಹಾಕಿದ ಶಿಲುಬೆ ಗುರುತು. ಯಾರು ಅಂದ್ರೆ ನ್ಯೂಬಿಯಾ ರಾಜ, ಜೆರುಸಲೇಮ್ ಯಾತ್ರೆ ಮುಗಿಸಿ ಬಂದಿದಾನೆ, ಇನ್ನೂ ರೋಮು, ಸ್ಪೇನಿನ ಸಂತ ಯಾಕೋಬನ ಕ್ಷೇತ್ರ ಎಲ್ಲ ನೋಡೋ ಆಸೆ ಅಂದ್ರಂತೆ. ಹೊರಟಾಗ 60 ಜನ ಜೊತೇಲಿದ್ರು, ಅಲ್ಲಿಗೆ ಬರೋ ಹೊತ್ತಿಗೆ ಉಳಿದಿದ್ದು ಇಬ್ಬರೇ ಅಂತ ಬರೀತಾನೆ. ಕಾಶಿಗೆ ಹೋದೋನು ಕಾಡಿಗೆ ಹೋದೋನು ಸಮ ಅಂತಿದ್ರಲ್ಲ ನಮ್ಮ ಹಿರಿಯರು, ಹಂಗೆ.

ಉಲ್ಟಾ ದಿಕ್ಕಲ್ಲಿ ಹೋದೋರೂ ಇದ್ರು. ಡೊಂಗೊಲಾ ಹತ್ರ ಬಂಗನಾರ್ತಿ ಅಂತ ಯಾತ್ರಾಸ್ಥಳ, ರಫಾಯೇಲ್ ದೇವದೂತನ ಚರ್ಚು, ಗೋಡೆ ತುಂಬ ಭಕ್ತರು ಹೆಸರು ಗೀಚಿರೋದು ನೂರಾರು. ಅದರ ಮಧ್ಯೆ ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ಭಾಷೇಲಿ ಒಂದು ಸಾಲು: ಬೆನೆಸೆಗ್ ರಫಾಯೇಲನಿಗೆ ಹರಕೆ ಸಲ್ಲಿಸಕ್ಕೆ ಬಂದಾಗ, ಅಂತ. ಅವನು ವ್ಯಾಪಾರಿನೋ, ಯಾತ್ರಿಕನೋ, ಗೋಡೆ ಅಷ್ಟೇ ಹೇಳಿ ಸುಮ್ಮನಾಗತ್ತೆ. ದೇವಸ್ಥಾನದ ಗೋಡೇಲಿ ಹೆಸರು ಕೆತ್ತೋರನ್ನ ನಾನು ಬೈಯ್ಯೋನೇ, ಇವನೊಬ್ಬನಿಗೆ ಮಾಫಿ.

ಇಷ್ಟು ಗಟ್ಟಿ ಇದ್ದಿದ್ದು ಹೆಂಗೆ ಮಾಯ ಆಯ್ತು? ಒಂದೇ ಯುದ್ಧದಲ್ಲಾ?

ಇಲ್ಲ, ಅದೇ ಎಲ್ಲರೂ ತಪ್ಪು ತಿಳ್ಕೊಳ್ಳೋ ಜಾಗ. ಯಾರೋ ಬಂದು ಒಂದಿನ ಕೆಡವಿದ್ದಲ್ಲ, ಇನ್ನೂರು ಮುನ್ನೂರು ವರ್ಷ ಸವೆದು ಸವೆದು ಹೋಗಿದ್ದು.

ಮೊದಲ ಪೆಟ್ಟು ಆಗ ಈಜಿಪ್ಟ್ ಆಳ್ತಿದ್ದ ಸಲಾದೀನನ ಅಣ್ಣ ತುರಾನ್ ಶಾ ಕೊಟ್ಟಿದ್ದು, 1173ರಲ್ಲಿ ಕಸ್ರ್ ಇಬ್ರೀಮ್ ಹಿಡಿದು ಚರ್ಚನ್ನ ಮಸೀದಿ ಮಾಡಿ 700 ಹಂದಿ ಕೊಲ್ಲಿಸಿದ ಅಂತ ದಾಖಲೆ, ಆದ್ರೆ ಅವರು ಅಲ್ಲಿ ಬಹಳ ದಿನ ನಿಲ್ಲಲಿಲ್ಲ. ನಿಜವಾದ ಸಮಸ್ಯೆ ಮಾಮ್ಲುಕರು, ಅಂದ್ರೆ ಆಮೇಲೆ ಈಜಿಪ್ಟ್ ಆಳಿದ ಸುಲ್ತಾನರು, ಕೈರೋಲಿ ಗಟ್ಟಿಯಾದ ಮೇಲೆ. 1272ರಲ್ಲಿ ರಾಜ ದಾವಿದ ಕೆಂಪು ಸಮುದ್ರದ ಐಧಾಬ್ ಬಂದರಿನ ಮೇಲೆ ದಾಳಿ ಮಾಡಿದ, ಯಾಕೆ ಕೈ ಹಾಕಿದನೋ, ಅದು ಹಜ್ ಯಾತ್ರಿಕರು ಮತ್ತೆ ಭಾರತದ ವ್ಯಾಪಾರದ ಹಡಗು ನಿಲ್ಲೋ ಬಂದರು, ಸುಲ್ತಾನ ಬೈಬರ್ಸ್ ಸುಮ್ನಿರ್ತಾನಾ. 1276ರಲ್ಲಿ ಸೈನ್ಯ ಬಂತು, ದಾವಿದನ್ನ ಓಡಿಸಿ ಅವನ ಸಂಬಂಧಿ ಶೆಕಂದಾನ ಕೂರಿಸಿದ್ರು, ಜನರ ಮೇಲೆ ತಲೆಗಂದಾಯ ಹಾಕಿದ್ರು.

ಅಲ್ಲಿಂದ ನಾಟಕ ಶುರು. ಸೆಮಮುನ್ ಅಂತ ಒಬ್ಬ ರಾಜ, ಸುಲ್ತಾನನ ಸೈನ್ಯ ಬಂದ್ರೆ ನದಿ ಮೇಲಕ್ಕೆ, ಅಂದ್ರೆ ದಕ್ಷಿಣಕ್ಕೆ, ಓಡಿಹೋಗೋದು, ಅವರು ತಮ್ಮ ಬೊಂಬೆ ರಾಜನ್ನ ಕೂರಿಸಿ ವಾಪಸ್ ಹೋದ ತಕ್ಷಣ ಬಂದು ಬೊಂಬೇನ ಇಳಿಸಿ ತಾನು ಕೂರೋದು, ಮತ್ತೆ ಸೈನ್ಯ, ಮತ್ತೆ ಓಟ. ನಗು ಬರತ್ತೆ, ಆದ್ರೆ ಪ್ರತೀ ಸಲ ಹೊಲ, ಸಾಕಿಯಾ, ಊರು ಹಾಳಾಗ್ತಿತ್ತಲ್ಲ.

ಇಲ್ಲಿ ಅಳಿಯಸಂತಾನ ಬರತ್ತೆ ನೋಡಿ. ಅರಬ್ ಬುಡಕಟ್ಟಿನ ನಾಯಕರು ನ್ಯೂಬಿಯಾ ರಾಜಮನೆತನದ ಹೆಣ್ಣು ತಂದ್ಕೊಂಡ್ರು, ಹುಟ್ಟಿದ ಮಗ ಅಪ್ಪನ ಲೆಕ್ಕದಲ್ಲಿ ಅರಬ್ಬ, ಅಮ್ಮನ ಲೆಕ್ಕದಲ್ಲಿ ಪಟ್ಟಕ್ಕೆ ಹಕ್ಕುದಾರ. ಅರಬ್ ಇತಿಹಾಸಕಾರ ಇಬ್ನ್ ಖಲ್ದೂನ್ ಇದನ್ನ ಆಗಲೇ ಗುರುತಿಸಿ ಬರೆದಿದ್ದ. ಯಾವ ಪದ್ಧತಿ ರಾಜಮನೆತನವನ್ನ ಅಷ್ಟು ಶತಮಾನ ಹಿಡಿದಿತ್ತೋ ಅದರ ಬಾಗಿಲಿಂದಲೇ ಅಧಿಕಾರ ಹೊರಗೆ ಹೋಯ್ತು. 1317ರ ಹೊತ್ತಿಗೆ ಡೊಂಗೊಲಾದಲ್ಲಿ ಮುಸ್ಲಿಂ ರಾಜ, ದಾವಿದನ ಅಳಿಯನೇ. ಅರಮನೆಯ ಸಿಂಹಾಸನ ಮಂಟಪದ ಮೇಲ್ಮಹಡಿ ಮಸೀದಿ ಆಯ್ತು, 1317ರ ಮೇ 29ರ ಅರೇಬಿಕ್ ಶಾಸನ ಅಲ್ಲೇ ಇದೆ, 1969ರವರೆಗೂ ಅಲ್ಲಿ ನಮಾಜ್ ನಡೀತಿತ್ತು.

1365ರಲ್ಲಿ ಇನ್ನೊಂದು ಒಳಜಗಳ, ಆಸ್ಥಾನ ಡೊಂಗೊಲಾ ಬಿಟ್ಟು ಉತ್ತರದ ಗೆಬೆಲ್ ಅಡ್ಡಾಗೆ ಹೋಯ್ತು. ಅಲ್ಲಿ ದೊತಾವೊ ಅನ್ನೋ ಹೆಸರಲ್ಲಿ ಇನ್ನೂ ನೂರಕ್ಕೂ ಹೆಚ್ಚು ವರ್ಷ ಉಸಿರಾಡ್ತು. 1372ರಲ್ಲೂ ಹೊಸ ಬಿಷಪ್ ನೇಮಕ ಆಗಿದಾನೆ, ತಿಮೊಥೆಯೋಸ್, ಕಸ್ರ್ ಇಬ್ರೀಮ್‌ನಲ್ಲಿ ಅವನ ಹೆಣ ಸಿಕ್ಕಾಗ ಜೊತೇಲಿ ಕಾಪ್ಟಿಕ್ ಮತ್ತೆ ಅರೇಬಿಕ್‌ನಲ್ಲಿ ಎರಡು ಉದ್ದ ಸುರುಳಿ, ಅವನ ನೇಮಕಾತಿ ಪತ್ರ. ಅಪಾಯಿಂಟ್‌ಮೆಂಟ್ ಆರ್ಡರ್ ಜೊತೆಗೇ ಮಣ್ಣಾದ ಮನುಷ್ಯ.

ದಕ್ಷಿಣದ ಅಲೋಡಿಯಾ ಏನಾಯ್ತು?

ಹೊರಗಿನವರ ಕಣ್ಣಿಗೆ ಇದು ಮಕೂರಿಯಾಗಿಂತ ಶ್ರೀಮಂತ. 10ನೇ ಶತಮಾನದಲ್ಲಿ ಇಬ್ನ್ ಸುಲೈಮ್ ಅಲ್ ಅಸ್ವಾನಿ ಅನ್ನೋ ರಾಯಭಾರಿ ಸೋಬಾದ ದೊಡ್ಡ ಕಟ್ಟಡ, ಚಿನ್ನ ತುಂಬಿದ ಚರ್ಚ್, ತೋಟ, ಮುಸ್ಲಿಮರಿಗೆ ಅಂತಲೇ ಇದ್ದ ವಸತಿ ಎಲ್ಲ ಬರೆದಿದಾನೆ. 1500ರ ಸುಮಾರಿಗೆ ಅದೂ ಹೋಯ್ತು, ಆ ಜಾಗದಲ್ಲಿ ಫುಂಜ್ ಸುಲ್ತಾನರು ಬಂದ್ರು. 1520ರ ದಶಕದಲ್ಲಿ ಇಥಿಯೋಪಿಯಾದಲ್ಲಿದ್ದ ಪೋರ್ಚುಗೀಸ್ ಪಾದ್ರಿ ಅಲ್ವಾರೆಸ್ ಎದುರಲ್ಲೇ ನ್ಯೂಬಿಯಾದಿಂದ ಆರು ಜನ ಬಂದು ನಮಗೆ ಪಾದ್ರಿಗಳನ್ನ ಕಳ್ಸಿ ಅಂತ ಅಲ್ಲಿನ ರಾಜನನ್ನ ಬೇಡಿದ್ರು. ನಂಗೇ ಅಲೆಕ್ಸಾಂಡ್ರಿಯಾದಿಂದ ಬರಬೇಕು, ನಿಮಗೆಲ್ಲಿಂದ ಕೊಡ್ಲಿ ಅಂದ ರಾಜ. ಬರಿಗೈಲಿ ಹೋದ್ರು. ಸೋಬಾದ ಇಟ್ಟಿಗೆಗಳು ಆಮೇಲೆ ಖಾರ್ಟೂಮ್ ಕಟ್ಟಕ್ಕೆ ಗಾಡಿ ಗಾಡಿ ಹೋದ್ವು.

ಡ್ಯಾಮ್ ಕಟ್ಟಿ ಎಲ್ಲ ಮುಳುಗಿಸಿದ್ರಂತೆ, ಮತ್ತೆ ಇಷ್ಟೆಲ್ಲ ಹೆಂಗ್ ಗೊತ್ತಾಯ್ತು?

ಮುಳುಗಿಸಿದ್ರಿಂದಲೇ ಗೊತ್ತಾಯ್ತು, ವಿಚಿತ್ರ ಆದ್ರೂ ನಿಜ. 1960ರಲ್ಲಿ ಅಸ್ವಾನ್ ಹೈ ಡ್ಯಾಮ್ ಕೆಲಸ ಶುರು ಆದಾಗ ಯುನೆಸ್ಕೋ ಕರೆ ಕೊಡ್ತು, ಬೇರೆ ಬೇರೆ ದೇಶದ ತಂಡಗಳು ನೀರು ಬರೋದ್ರೊಳಗೆ ಅಗೆಯಕ್ಕೆ ಬಂದ್ರು. ಅಬು ಸಿಂಬೆಲ್ ದೇವಾಲಯ ಎತ್ತಿ ಕೂರಿಸಿದ್ದು ಎಲ್ಲರಿಗೂ ಗೊತ್ತು. ಫರಾಸ್ ದಿಬ್ಬ ಪೋಲೆಂಡಿನ ಕಾಜಿಮಿಯೆಜ್ ಮಿಖಾಲೋವ್ಸ್ಕಿ ತಂಡಕ್ಕೆ ಸಿಕ್ತು, 1961ರಿಂದ 64. ಮರಳು ಬಗೆದ್ರೆ ಒಳಗೆ ಇಡೀ ಕೆಥೀಡ್ರಲ್ಲು, ಗೋಡೆ ತುಂಬ ಚಿತ್ರ, ಒಂದರ ಮೇಲೊಂದು ಪದರ, ಜೊತೆಗೆ ಬಿಷಪ್ಪರ ಪಟ್ಟಿ. ಚಿತ್ರಕ್ಕೆ ತೆಳು ಜಪಾನಿ ಕಾಗದ ಇಟ್ಟು ಜೇನುಮೇಣ, ರಾಳ ಬೆರೆಸಿ ಹಚ್ಚಿ ಬಿಸಿ ಇಸ್ತ್ರಿ ಹಾಕಿ ಅಂಟಿಸಿ, ಹಿಂದಿನ ಗಾರೆ ಸಮೇತ ಗರಗಸದಲ್ಲಿ ಕೊಯ್ದು ತೆಗೆದ್ರು, ನೂರಕ್ಕೂ ಹೆಚ್ಚು. 67 ವಾರ್ಸಾಕ್ಕೆ, ಉಳಿದವು ಖಾರ್ಟೂಮಿಗೆ.

ಊರಿನವರನ್ನ ಮಾತ್ರ ಇಷ್ಟು ನಾಜೂಕಾಗಿ ಎತ್ತಲಿಲ್ಲ. ಎರಡೂ ದೇಶ ಸೇರಿ ಸುಮಾರು ಒಂದು ಲಕ್ಷ ನ್ಯೂಬಿಯನ್ನರನ್ನ ಎಬ್ಬಿಸಿದ್ರು, ಈಜಿಪ್ಟಿನವರನ್ನ ಕೊಮ್ ಒಂಬೊಗೆ, ಸುಡಾನಿನ ವಾದಿ ಹಾಲ್ಫಾದವರನ್ನ ನೂರಾರು ಮೈಲಿ ದೂರದ ಖಶ್ಮ್ ಅಲ್ ಗಿರ್ಬಾಗೆ, ಅಲ್ಲಿ ನೈಲೇ ಇಲ್ಲ. ಶರಾವತಿ, ಆಲಮಟ್ಟಿ ಮುಳುಗಡೆಯವರಿಗೆ ಇದನ್ನ ನಾನು ವಿವರಿಸೋ ಅಗತ್ಯ ಇಲ್ಲ.

ಇವತ್ತಿನ ನ್ಯೂಬಿಯನ್ನರಲ್ಲಿ ಏನಾದ್ರೂ ಉಳಿದಿದ್ಯಾ?

ಧರ್ಮ ಇಲ್ಲ, ಈಗ ಹೆಚ್ಚುಕಮ್ಮಿ ಎಲ್ಲರೂ ಮುಸ್ಲಿಮರು. ಭಾಷೆ ಉಳಿದಿದೆ, ಹಳೇ ನ್ಯೂಬಿಯನ್ನಿನ ಮಗಳು ನೊಬೀನ್, ನೀರಿಗೆ ಆಗಲೂ ಅಮನ್, ಈಗಲೂ ಅಮನ್. ಹೆರಿಗೆ ಆದ್ಮೇಲೆ ನೈಲ್‌ನಲ್ಲಿ ಸ್ನಾನ, ಮಗುವಿಗೋ ಧಾನ್ಯದ ವಾಡೆಗೋ ಶಿಲುಬೆ ಥರ ಗೀಟು ಎಳೆಯೋದು, ಇಂಥವನ್ನ 20ನೇ ಶತಮಾನದಲ್ಲೂ ನೋಡಿ ಬರ್ಕೊಂಡಿದಾರೆ, ಮಾಡೋರಿಗೆ ಅದು ಕ್ರೈಸ್ತರದ್ದು ಅಂತ ಗೊತ್ತೂ ಇರಲ್ಲ, ಅಜ್ಜಿ ಮಾಡ್ತಿದ್ಲು ಅಷ್ಟೇ. ಈಗ ಕೆಲವು ಯುವಕರು ಹಳೇ ಲಿಪೀಲೇ ನೊಬೀನ್ ಬರೆಯೋದು ಕಲೀತಿದಾರೆ, ಯೂನಿಕೋಡಲ್ಲೂ ಅಕ್ಷರ ಇದೆ.

ಈಗ ಹೋಗಿ ನೋಡಬಹುದಾ?

ಸುಡಾನ್ ಕಡೆ ಸದ್ಯ ಯೋಚನೆ ಬಿಡಿ, 2023ರ ಏಪ್ರಿಲ್‌ನಿಂದ ಯುದ್ಧ. ಆ ತಿಂಗಳಲ್ಲೇ ಡೊಂಗೊಲಾದಲ್ಲಿ ಮನೆಗಳ ಕೆಳಗೆ ಬಚ್ಚಿಟ್ಟಂಗಿದ್ದ ಕೋಣೆಗಳಲ್ಲಿ ಒಬ್ಬ ನ್ಯೂಬಿಯಾ ರಾಜ ಕ್ರಿಸ್ತನಿಗೆ ಬಗ್ಗಿ ನಮಸ್ಕಾರ ಮಾಡ್ತಿರೋ ಚಿತ್ರ ಸಿಕ್ತು ಅಂತ ಪೋಲಿಷ್ ತಂಡ ಸುದ್ದಿ ಕೊಟ್ಟಿತ್ತು, ದಾವಿದನ ಕಾಲದ್ದು ಇರಬಹುದು ಅಂತ. ಅದಾಗಿ ಕೆಲವೇ ದಿನಕ್ಕೆ ಗುಂಡು ಹಾರಕ್ಕೆ ಶುರು ಆಯ್ತು, ಖಾರ್ಟೂಮಿನ ರಾಷ್ಟ್ರೀಯ ಮ್ಯೂಸಿಯಂ ಲೂಟಿ ಆಯ್ತು.

ಈಜಿಪ್ಟ್ ಸುಲಭ. ಅಸ್ವಾನ್‌ನಲ್ಲಿ ನ್ಯೂಬಿಯಾ ಮ್ಯೂಸಿಯಂ ಇದೆ, ಅರ್ಧ ದಿನ ಇಟ್ಕೊಳ್ಳಿ. ಡ್ಯಾಮಿನ ಹಿನ್ನೀರಾದ ನಾಸರ್ ಸರೋವರದ ದೋಣಿ ಪ್ರಯಾಣ ತಗೊಂಡ್ರೆ ಕಸ್ರ್ ಇಬ್ರೀಮ್ ದೂರದಿಂದ ಕಾಣತ್ತೆ, ಒಂದು ಕಾಲದಲ್ಲಿ ಎತ್ತರದ ಬಂಡೆ ಕೋಟೆ, ಈಗ ನೀರಿನ ನಡುವೆ ದ್ವೀಪ, ಸಾಮಾನ್ಯವಾಗಿ ಇಳಿಯಕ್ಕೆ ಬಿಡಲ್ಲ. ಸಂತ ಆನ್ ನೋಡಬೇಕು ಅಂದ್ರೆ ವಾರ್ಸಾದ ರಾಷ್ಟ್ರೀಯ ಮ್ಯೂಸಿಯಂಗೇ ಹೋಗಬೇಕು, ಫರಾಸ್ ಗ್ಯಾಲರಿ ಅಂತ ಕೇಳಿ.